ನಕ್ಷೆಯ ಅಂಚಿನಾಚೆ ಒಂದು ಊರು

ಊರು ಸುಟ್ಟುಹೋಗಿ ನಲವತ್ತಕ್ಕೂ ಹೆಚ್ಚು ವರ್ಷವಾಗಿದೆ, ಈಗಿನ ಯಾವ ನಕ್ಷೆಯಲ್ಲೂ ಅದರ ಹೆಸರಿಲ್ಲ, ಅದು ಎಲ್ಲಿತ್ತು ಎಂದು ಹುಡುಕಿಕೊಡಬೇಕು. ಕೆಲಸ ನನ್ನ ಬಳಿ ಬಂದದ್ದು ಇಷ್ಟೇ ಮಾತಿನಲ್ಲಿ. ಕೇಳಿದವಳು ಒಬ್ಬ ವಕೀಲೆ. ಕೇಳಿದ ಜಾಗ ಅಮೆರಿಕದ ನಮ್ಮ ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ಊಟದ ಸಾಲು. ನನ್ನ ತಟ್ಟೆಯಲ್ಲಿ ಆಗಷ್ಟೇ ಬಿಸಿಬೇಳೆ ಭಾತು ಬಿದ್ದಿತ್ತು.

"ಆಂಟಿ, ನೀವು ಮ್ಯಾಪ್ಸ್ ಕೆಲಸ ಮಾಡೋದಲ್ವಾ? ಹಳೇ ಏರಿಯಲ್ ಫೋಟೋಸ್ ಓದಕ್ಕೆ ಬರುತ್ತಾ ನಿಮಗೆ?"

ಅವಳಿಗೂ ನನಗೂ ಹತ್ತು ವರ್ಷ ವ್ಯತ್ಯಾಸವಿದ್ದರೆ ಹೆಚ್ಚು. ಆ 'ಆಂಟಿ'ಗೇ ಇಲ್ಲ ಎನ್ನಬೇಕಿತ್ತು. ಅಪ್ಪ ಅಮ್ಮ ಇಬ್ಬರೂ ಮೈಸೂರಿನ ಡಾಕ್ಟರುಗಳು, ಇವಳು ಹುಟ್ಟಿದ್ದು ಸ್ಯಾನ್ ಹೋಸೆಯಲ್ಲಿ. ಕನ್ನಡ ಅರ್ಥವಾಗುವಷ್ಟು ಚೆನ್ನಾಗಿ ಆಡಲು ಬಾರದು. ಆದರೂ ನನ್ನ ಹತ್ತಿರ ಹಟ ಹಿಡಿದು ಕನ್ನಡದಲ್ಲೇ ಶುರು ಮಾಡುತ್ತಾಳೆ. ಸ್ಪ್ಯಾನಿಷ್ ಮಾತ್ರ ನೀರು ಕುಡಿದಂತೆ ಮಾತಾಡುತ್ತಾಳೆ, ಏಕೆಂದರೆ ಅವಳ ಕಕ್ಷಿದಾರರೆಲ್ಲ ಮಧ್ಯ ಅಮೆರಿಕದಿಂದ ಬಂದವರು.

ನನ್ನ ಕೆಲಸ ಸ್ಯಾನ್ ಮಟಿಯೋದ ಒಂದು ಕಂಪನಿಯಲ್ಲಿ. ವಿಮಾನದಿಂದ, ಉಪಗ್ರಹದಿಂದ ತೆಗೆದ ಚಿತ್ರಗಳನ್ನು ನೋಡಿ ಯಾವ ಮನೆಯ ಮಾಡಿಗೆ ಎಷ್ಟು ಹತ್ತಿರದಲ್ಲಿ ಮರವಿದೆ, ಕಾಡ್ಗಿಚ್ಚು ಬಂದರೆ ಯಾವ ಬೀದಿ ಮೊದಲು ಹೊತ್ತಿಕೊಳ್ಳುತ್ತದೆ ಎಂದು ಇನ್ಶೂರೆನ್ಸಿನವರಿಗೆ ಹೇಳುವುದು. ಮೇಲಿನಿಂದ ನೋಡಿ ಕೆಳಗಿರುವುದನ್ನು ಗುರುತಿಸುವುದೊಂದೇ ನನಗೆ ನೆಟ್ಟಗೆ ಬರುವ ವಿದ್ಯೆ. ಬರುತ್ತೆ ಎಂದೆ. ಭಾತು ಆರಿಹೋಗುವವರೆಗೆ ಅವಳು ವಿಷಯ ಹೇಳಿದಳು.

ಊರು ಎಲ್ ಸಾಲ್ವಡಾರಿನದು, ಉತ್ತರದ ಗುಡ್ಡಗಳ ಕಡೆ. ಎಂಬತ್ತರ ದಶಕದ ಅಲ್ಲಿಯ ಅಂತರ್ಯುದ್ಧದಲ್ಲಿ ಸೈನಿಕರು ಬಂದು ಊರನ್ನೇ ಮುಗಿಸಿದ್ದರು. ಇಲ್ಲೇ ದಕ್ಷಿಣಕ್ಕೆ ಗಿಲ್‌ರಾಯ್‌ನಲ್ಲಿರುವ ಒಬ್ಬ ತಾಯಿ ಆ ಊರಿನವರು. ಅವರ ಅಮ್ಮ ಮತ್ತು ತಂಗಿ ಅಲ್ಲೇ ಮಣ್ಣಿನಲ್ಲಿದ್ದಾರೆ. ಆ ದೇಶದಲ್ಲಿ ಯುದ್ಧದ ಅಪರಾಧಗಳಿಗೆ ಕೊಟ್ಟಿದ್ದ ಕ್ಷಮಾದಾನದ ಕಾನೂನು ರದ್ದಾದ ಮೇಲೆ ಇಂಥ ಕೇಸುಗಳು ಒಂದೊಂದಾಗಿ ಮೇಲೆದ್ದಿವೆ. ಮೂಳೆ ತೆಗೆದು ಗುರುತಿಸುವ ತಜ್ಞರ ತಂಡವೊಂದು ಅಗೆಯಲು ಒಪ್ಪಿದೆ, ಅಲ್ಲಿಯ ಕೋರ್ಟು ಅನುಮತಿಯನ್ನೂ ಕೊಟ್ಟಿದೆ. ಆದರೆ ಈ ಸಲದ ಒಣ ಹವೆಯ ತಿಂಗಳುಗಳಿಗೆ ಮಾತ್ರ. ಎಲ್ಲಿ ಅಗೆಯಬೇಕು ಎನ್ನುವುದೇ ಯಾರಿಗೂ ಗೊತ್ತಿಲ್ಲ.

"ಶಿ ಇಸ್ ನಾಟ್ ಯಂಗ್, ಆಂಟಿ. ಕಣ್ಣಿಗೆ ಗ್ಲಾಕೋಮಾ ಇದೆ. ಇನ್ನೊಂದು ಎರಡು ವರ್ಷ ಆದ್ಮೇಲೆ ಫೋಟೋ ತೋರ್ಸಿದ್ರೂ ಅವ್ರಿಗೆ ಕಾಣಲ್ಲ."

ಮುಂದಿನ ಶನಿವಾರ ಒನ್-ಓ-ಒನ್ ಫ್ರೀವೇ ಹಿಡಿದು ದಕ್ಷಿಣಕ್ಕೆ ಹೋದೆವು. ಗಿಲ್‌ರಾಯ್ ಬಂತೆಂದು ಬೋರ್ಡಿಗಿಂತ ಮೊದಲು ಮೂಗು ಹೇಳುತ್ತದೆ. ಬೆಳ್ಳುಳ್ಳಿಯ ವಾಸನೆ ಕಾರಿನ ಕಿಟಕಿ ಮುಚ್ಚಿದ್ದರೂ ಒಳಗೆ ಬರುತ್ತದೆ. ಆ ತಾಯಿ ಅದೇ ಬೆಳ್ಳುಳ್ಳಿ ಹೊಲಗಳಲ್ಲಿ, ಆಮೇಲೆ ಪ್ಯಾಕಿಂಗು ಶೆಡ್ಡಿನಲ್ಲಿ ದುಡಿದು ಈಗ ಮಗಳ ಮನೆಯಲ್ಲಿದ್ದರು. ಮಗಳು ಒಂದು ಡೆಂಟಿಸ್ಟ್ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ತಾಯಿ ಸ್ಪ್ಯಾನಿಷಿನಲ್ಲಿ ಹೇಳಿದ್ದನ್ನು ಮಗಳು ಇಂಗ್ಲಿಷಿಗೆ ತರುತ್ತಿದ್ದಳು. ಇಲ್ಲಿ ನಾನು ಬರೆಯುತ್ತಿರುವುದು ನನ್ನ ಕನ್ನಡದಲ್ಲಿ.

ಅಡುಗೆಮನೆಯ ಮೇಜಿನ ಮುಂದೆ ಕೂತು ಅವರು ಹೇಳಿದ್ದನ್ನು ನಾನು ನಕ್ಷೆಗೆ ಬೇಕಾದ ಹಾಗೆ ಆರಿಸಿಕೊಂಡೆ. ಕಲ್ಲಿನ ಅಡಿಪಾಯ, ಮೇಲೆ ಮಣ್ಣಿನ ಗೋಡೆಯ ಒಂದು ಚರ್ಚು. ಅದರ ಮುಂದೆ ಭಾರಿ ಬೂರುಗದ ಜಾತಿಯ ಮರ. ಕೆಳಗೆ ಹೊಳೆಗೆ ಇಳಿಯುವ ದಾರಿ, ಬಟ್ಟೆ ಒಗೆಯುವ ಮಡು. ಎದುರಿಗೆ ಎರಡು ಕೊಂಬಿನ ಗುಡ್ಡ. ಸೈನಿಕರು ಬಂದ ದಿನ ಅವರು ತುಂಬು ಬಸುರಿ, ಮಡುವಿನಲ್ಲಿ ಬಟ್ಟೆ ಒಗೆಯುತ್ತಿದ್ದರಂತೆ. ಮೇಲಿನಿಂದ ಸದ್ದು ಕೇಳಿದ್ದೇ ಬಟ್ಟೆಯನ್ನು ಅಲ್ಲೇ ಬಿಟ್ಟು ಹೊಳೆಗುಂಟ ಓಡಿದರು. ಆಮೇಲೆ ಕದ್ದು ಹಿಂದಿರುಗಿದ ಕೆಲವರು ಸತ್ತವರನ್ನು ಚರ್ಚಿಗೂ ಮರಕ್ಕೂ ನಡುವೆ ಹೂತು ಬಂದರು. ಮಗಳು ಹುಟ್ಟಿದ್ದು ಹೊಂಡುರಾಸ್ ದೇಶದ ನಿರಾಶ್ರಿತರ ಶಿಬಿರದಲ್ಲಿ.

"ನಮ್ಮಪ್ಪ ಕಾಫಿ ಕೆಲಸಕ್ಕೆ ಹೋಗ್ತಿದ್ದ" ಎಂದರು ಅವರು, ಮಾತಿನ ನಡುವೆ.

ನನಗೆ ಅಷ್ಟು ಸಾಕಾಯಿತು. ನಾನು ಹಾಸನ ಜಿಲ್ಲೆಯವಳು; ನಮ್ಮಪ್ಪ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು, ಎಂದರೆ ಆಳುಗಳ ಹಾಜರಿ ನೋಡುವ ಗುಮಾಸ್ತರು. ಕೂಲಿಯವರ ಲೈನ್ ಮನೆಗಳ ಪಕ್ಕದಲ್ಲೇ ನಾನು ಬೆಳೆದದ್ದು. ಕಾಫಿ ತೋಟ ಮೇಲಿನಿಂದ ಹೇಗೆ ಕಾಣುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಚಿತ್ರಗಳು ಎಪ್ಪತ್ತರ ದಶಕದವು, ಕಪ್ಪು ಬಿಳುಪು, ಅಮೆರಿಕದ ನೆರವಿನಿಂದ ತೆಗೆದವು, ಇಲ್ಲಿನ ಸಂಗ್ರಹವೊಂದರಲ್ಲಿ ಉಳಿದುಕೊಂಡಿದ್ದವು. ವಿಮಾನ ನೇರ ಸಾಲಿನಲ್ಲಿ ಹಾರುತ್ತಾ ಒಂದರ ಮೇಲೊಂದು ಅರ್ಧಕ್ಕಿಂತ ಹೆಚ್ಚು ಹಾಸುವಂತೆ ಫೋಟೋ ತೆಗೆದಿರುತ್ತದೆ. ಪಕ್ಕಪಕ್ಕದ ಎರಡು ಚಿತ್ರಗಳನ್ನು ಒಂದೊಂದು ಕಣ್ಣಿಗೆ ಒಂದೊಂದರಂತೆ ತೋರಿಸಿದರೆ ಗುಡ್ಡ ಎದ್ದು ನಿಲ್ಲುತ್ತದೆ, ಕಣಿವೆ ಕುಸಿಯುತ್ತದೆ. ಕಂಪ್ಯೂಟರಿನಲ್ಲಿ ಅದನ್ನು ಮಾಡಲು ಬರುತ್ತದೆ. ಆದರೆ ಚಿತ್ರವನ್ನು ಭೂಮಿಯ ಮೇಲೆ ಕೂರಿಸುವುದು ಬೇರೆಯೇ ಕೆಲಸ. ಆಗಲೂ ಇದ್ದು ಈಗಲೂ ಕದಲದ ಗುರುತುಗಳು ಬೇಕು. ಹೊಳೆ ನಂಬುವಂಥದ್ದಲ್ಲ, ಪಾತ್ರ ಬದಲಿಸುತ್ತದೆ. ದಾರಿಯೂ ಸರಿಯುತ್ತದೆ. ಸೇತುವೆಯ ಕಂಬ, ಬಂಡೆಯ ಮೂಲೆ, ದೊಡ್ಡ ಊರಿನ ಚರ್ಚಿನ ಗೋಡೆ ಇಂಥವೇ ಆಗಬೇಕು. ಬೆಟ್ಟದ ನಾಡಿನಲ್ಲಿ ಇನ್ನೊಂದು ತಾಪತ್ರಯ: ತುದಿ ಕ್ಯಾಮೆರಾಕ್ಕೆ ಹತ್ತಿರ, ಬುಡ ದೂರ. ಹಾಗಾಗಿ ಚಿತ್ರದಲ್ಲಿ ಗುಡ್ಡಗಳು ಹೊರಕ್ಕೆ ವಾಲಿರುತ್ತವೆ. ಆ ವಾಲಿದ್ದನ್ನು ಎತ್ತರದ ಲೆಕ್ಕ ಹಿಡಿದು ನೆಟ್ಟಗೆ ಮಾಡಬೇಕು.

ಆಫೀಸಿನ ಕೆಲಸ ಮುಗಿಸಿ ಫಾಸ್ಟರ್ ಸಿಟಿಯ ಅಪಾರ್ಟ್‌ಮೆಂಟಿಗೆ ಬಂದು, ಅಡುಗೆ ಮಾಡಿ, ಊಟದ ಮೇಜಿನ ಮೇಲೇ ಕೂರುತ್ತಿದ್ದೆ. ಎರಡು ವಾರದಲ್ಲಿ ಸಿಕ್ಕಿಬಿಟ್ಟಿತು. ಒಂದು ಇಳಿಜಾರಿನ ತುಂಬ ಎತ್ತರದ, ಸಣ್ಣ ತಲೆಯ ಮರಗಳು ಹೆಚ್ಚು ಕಡಿಮೆ ಸಮ ಅಂತರದಲ್ಲಿ ನಿಂತಿವೆ, ಕೆಳಗೆ ದಟ್ಟ ಕುರುಚಲು. ಸಿಲ್ವರ್ ಓಕ್ ನೆರಳು, ಕೆಳಗೆ ಕಾಫಿ! ಇಳಿಜಾರಿನ ಬುಡದಲ್ಲಿ ಒಂದಷ್ಟು ಮಾಡುಗಳು: ಲೈನ್ ಮನೆಗಳು. ಪಕ್ಕದಲ್ಲಿ ಹಳ್ಳ. ನಾನು ವಕೀಲೆಗೆ ಫೋನ್ ಮಾಡಿ, ಸಿಕ್ಕಿತು ಎಂದುಬಿಟ್ಟೆ. ದನಿಯಲ್ಲಿ ಹೆಮ್ಮೆ ಇತ್ತೆಂದು ಒಪ್ಪಿಕೊಳ್ಳಬೇಕು.

ಗಿಲ್‌ರಾಯ್‌ನಲ್ಲಿ ಆ ತಾಯಿ ದೊಡ್ಡದಾಗಿ ಮುದ್ರಿಸಿದ ಚಿತ್ರವನ್ನು ಕಣ್ಣಿಗೆ ಒತ್ತಿಕೊಳ್ಳುವಷ್ಟು ಹತ್ತಿರ ಹಿಡಿದರು. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನೋಡಿ ಕೆಳಗಿಟ್ಟರು.

"ಇದು ಪೈನ್ ಕಾಡು" ಎಂದರು. "ನಮ್ಮೂರಲ್ಲಿ ಕಾಫಿ ಎಲ್ಲಿತ್ತು? ಕಾಫಿ ಇದ್ದಿದ್ರೆ ನಮ್ಮನ್ನ ಅಲ್ಲಿ ಇರೋಕೆ ಬಿಡ್ತಿದ್ರಾ?"

ಅವರಪ್ಪ ಕಾಫಿ ಕೆಲಸಕ್ಕೆ ಹೋಗುತ್ತಿದ್ದದ್ದು ನಿಜ. ಹಣ್ಣು ಕೊಯ್ಯುವ ಕಾಲಕ್ಕೆ, ಬಸ್ಸು ಹಿಡಿದು, ದಕ್ಷಿಣದ ಜ್ವಾಲಾಮುಖಿ ಬೆಟ್ಟಗಳ ಬದಿಯ ತೋಟಗಳಿಗೆ. ನಾನು ಕೇಳಲೇ ಇಲ್ಲ. ಕಾಫಿ ಕೆಲಸ ಎಂದರೆ ತೋಟದ ಪಕ್ಕದ ಲೈನಿನಲ್ಲೇ ಇರುವವರು ಎಂದು ನನ್ನ ತಲೆ ತಾನೇ ತೀರ್ಮಾನ ಮಾಡಿಬಿಟ್ಟಿತ್ತು. ಮನೆಗೆ ಬಂದು ಹೇಳಿದರೆ ನನ್ನ ಗಂಡ, ಮಂಡ್ಯದವರು, ಹೊಟ್ಟೆ ಹಿಡಿದುಕೊಂಡು ನಕ್ಕರು.

"ಕಾಮಾಲೆ ಕಣ್ಗೆ ಕಾಣೋದೆಲ್ಲ ಹಳ್ದಿ ಅಂತಾರಲ್ಲ, ಹಾಸ್ನದೋರ ಕಣ್ಗೆ ಕಂಡಿದ್ದೆಲ್ಲ ಕಾಫಿ ಕಣೆ. ಆ ಕನ್ನಡ್ಕ ತೆಗ್ದಿಡು ಮೊದ್ಲು."

ನಗು ನನಗೆ ಬರಲಿಲ್ಲ. ಎರಡು ವಾರ ಹಾಳಾಗಿತ್ತು, ಡಿಸೆಂಬರ್ ಬಂದಾಗಿತ್ತು, ಒಣ ತಿಂಗಳುಗಳು ನನ್ನ ಹೆಮ್ಮೆಗಾಗಿ ಕಾಯುವುದಿಲ್ಲ. ಆದರೆ ಆ ತಾಯಿಯ ಮಾತು ಮಾತ್ರ ಬಿಡದೆ ಕೊರೆಯಿತು. ಕಾಫಿ ಇದ್ದಿದ್ದರೆ ನಮ್ಮನ್ನು ಅಲ್ಲಿ ಇರಲು ಬಿಡುತ್ತಿದ್ದರೇ? ಅದುವರೆಗೆ ನಾನು ಆ ಯುದ್ಧದ ಬಗ್ಗೆ ಓದಿದ್ದು ಏನೇನೂ ಸಾಲದು. ಓದತೊಡಗಿದೆ.

ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಆ ದೇಶ ಊರೊಟ್ಟಿನ ಜಮೀನುಗಳನ್ನು ಕಾನೂನು ಮಾಡಿ ಕಿತ್ತು ಕಾಫಿಗೆ ಕೊಟ್ಟಿತು. ಒಳ್ಳೆಯ ಮಣ್ಣೆಲ್ಲ ಕೆಲವೇ ಮನೆತನಗಳ ಕೈ ಸೇರಿತು. ನೆಲ ಕಳೆದುಕೊಂಡವರು ಕಲ್ಲು ಗುಡ್ಡಗಳಿಗೆ ಹೋದರು, ಅಲ್ಲೂ ಸಾಲದೆ ಗಡಿ ದಾಟಿ ಪಕ್ಕದ ಹೊಂಡುರಾಸ್‌ಗೆ ಹೋಗಿ ಜೋಳ ಬೆಳೆದರು. ಹೊಂಡುರಾಸ್ ಅವರನ್ನು ಹೊರಹಾಕತೊಡಗಿದ್ದೇ ಎರಡು ದೇಶಗಳ ನಡುವೆ ೧೯೬೯ರಲ್ಲಿ ಯುದ್ಧವೇ ಆಯಿತು. ಕೆಲವೇ ದಿನದ ಯುದ್ಧ, ಆದರೆ ಸಾವಿರಾರು ಕುಟುಂಬಗಳು ನೆಲವಿಲ್ಲದ ನಾಡಿಗೆ ವಾಪಸು ಬಂದವು. ಹಸಿವು, ಮೋಸದ ಚುನಾವಣೆ, ಗುಂಡೇಟು. ಹತ್ತು ವರ್ಷದಲ್ಲಿ ಅಂತರ್ಯುದ್ಧ. ಸರ್ಕಾರಕ್ಕೆ ಅಮೆರಿಕದ ಹಣ, ಹೆಲಿಕಾಪ್ಟರು, ತರಬೇತಿ. ಗೆರಿಲ್ಲಾಗಳಿಗೆ ಕ್ಯೂಬಾದ ಮತ್ತು ನಿಕರಾಗುವದ ಬೆಂಬಲ. ವಿಯೆಟ್ನಾಮಿನಲ್ಲಿ ಅಮೆರಿಕ ಬಿಟ್ಟುಬಂದ ಬಂದೂಕುಗಳೂ ಸುತ್ತಿ ಬಳಸಿ ಅವರ ಕೈಗೆ ಬಂದವಂತೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತೇವೆ. ಇಲ್ಲಿ ಜಗಳವಾಡುವವರು ಕೂಸಿನ ಮನೆಗೇ ಬಂದಿದ್ದರು.

ನನ್ನ ಕೆಲಸಕ್ಕೆ ಇದರಿಂದ ಒಂದು ಸೂತ್ರ ಸಿಕ್ಕಿತು. ಕಾಫಿಯನ್ನು ಹುಡುಕಬಾರದು. ಯಾರಿಗೂ ಬೇಡವಾದ ನೆಲವನ್ನು ಹುಡುಕಬೇಕು: ಕಡಿದಾದದ್ದು, ಕಲ್ಲಿನದ್ದು, ರಸ್ತೆಗೆ ದೂರವಾದದ್ದು, ಆದಷ್ಟೂ ಗಡಿಗೆ ಒತ್ತಿಕೊಂಡದ್ದು. ಹಾಗೆ ಶೋಧಿಸುತ್ತಾ ಉತ್ತರಕ್ಕೆ ಹೋದೆ. ಎರಡು ಕೊಂಬಿನ ಗುಡ್ಡ ಸಿಕ್ಕಿತು. ಹೊಳೆ ಸಿಕ್ಕಿತು. ಊರು ಸಿಗಲಿಲ್ಲ. ನನ್ನ ಬಳಿ ಇದ್ದ ಎಲ್ ಸಾಲ್ವಡಾರಿನ ನಕ್ಷೆಯ ಹಾಳೆ ಅಲ್ಲಿಗೆ ಮುಗಿದು, ಆಚೆಗೆ ಬರಿ ಬಿಳಿ.

ದೇಶದ ನಕ್ಷೆ ದೇಶ ಮುಗಿದಲ್ಲಿ ಮುಗಿಯುತ್ತದೆ. ವಿಮಾನಕ್ಕೆ ಆ ಕಟ್ಟುಪಾಡಿಲ್ಲ, ಸಾಲು ಮುಗಿಯುವವರೆಗೆ ಹಾರಿರುತ್ತದೆ. ನಕ್ಷೆಯ ಆಚೆಗಿನ ಚಿತ್ರಗಳನ್ನು ನಾನು ಬೇಡವೆಂದು ಪಕ್ಕಕ್ಕಿಟ್ಟಿದ್ದೆ. ಈಗ ಅವನ್ನು ತೆಗೆದು ಜೋಡಿಸಿದೆ. ಎರಡನೆಯ ಜೋಡಿಯಲ್ಲೇ ಒಂದು ಭಾರಿ ಮರದ ನೆರಳು ಕೊಡೆ ಬಿಚ್ಚಿದ ಹಾಗೆ ನೆಲದ ಮೇಲೆ ಬಿದ್ದಿತ್ತು. ಅದರ ಹಿಂದೆ ಉದ್ದನೆಯ ಮಾಡು. ಹೊಳೆಗೆ ಇಳಿಯುವ ಬಿಳಿ ಗೆರೆಯಂಥ ದಾರಿ. ದಾರಿ ಮುಗಿದಲ್ಲಿ ಹೊಳೆ ಅಗಲವಾಗಿ ಕಪ್ಪಗಿತ್ತು, ಮಡು.

ಈ ಸಲ ಯಾರಿಗೂ ಫೋನ್ ಮಾಡಲಿಲ್ಲ. ಚಿತ್ರವನ್ನು ಮುದ್ರಿಸಿ, ಯಾವ ಗುರುತೂ ಹಾಕದೆ, ಗಿಲ್‌ರಾಯ್‌ಗೆ ಒಯ್ದು ಮೇಜಿನ ಮೇಲಿಟ್ಟೆ. ಆ ತಾಯಿ ಬಗ್ಗಿ ನೋಡಿದರು. ಆಮೇಲೆ ಬೆರಳು ಮಡುವಿನಿಂದ ದಾರಿಗುಂಟ ಮೇಲೆ ಹತ್ತಿ, ಮರವನ್ನು ಬಳಸಿ, ಚರ್ಚು ದಾಟಿ ಒಂದು ಚುಕ್ಕೆಯಂಥ ಮಾಡಿನ ಮೇಲೆ ನಿಂತಿತು.

"ಒಲೆ ಈ ಕಡೆ ಇತ್ತು" ಎಂದರು.

ಮಗಳು ಮುಖ ತಿರುಗಿಸಿ ಸಿಂಕಿನ ನಲ್ಲಿ ಬಿಟ್ಟಳು.

ತೊಂದರೆ ಶುರುವಾದದ್ದು ಆಮೇಲೆ. ಆ ಗಡಿಯಲ್ಲಿ ಎರಡೂ ದೇಶಗಳು ತಮ್ಮದೆನ್ನುತ್ತಿದ್ದ ನೆಲದ ತುಂಡುಗಳಿದ್ದವು. ಯುದ್ಧದ ಕಾಲದಲ್ಲಿ ಅವು ಯಾರದ್ದೂ ಅಲ್ಲದ ಹಾಗಿದ್ದುದರಿಂದ ಓಡಿಹೋಗುವವರೂ ಗೆರಿಲ್ಲಾಗಳೂ ಅಲ್ಲೇ ಅಡಗುತ್ತಿದ್ದರು. ೧೯೯೨ರಲ್ಲಿ, ಅಂತರ್ಯುದ್ಧ ಮುಗಿಸುವ ಒಪ್ಪಂದಕ್ಕೆ ಸಹಿ ಬಿದ್ದ ವರ್ಷವೇ, ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಗಡಿಯ ತೀರ್ಪನ್ನೂ ಕೊಟ್ಟಿತು. ವಿವಾದದ ನೆಲದ ಹೆಚ್ಚಿನ ಪಾಲು ಹೊಂಡುರಾಸ್‌ಗೆ ಹೋಯಿತು. ಈಗಿನ ಗೆರೆಯನ್ನು ನನ್ನ ಚಿತ್ರದ ಮೇಲೆ ಹಾಕಿದೆ. ಚರ್ಚು ಗೆರೆಯ ಉತ್ತರಕ್ಕೆ ಬಿತ್ತು. ಊರು ಸತ್ತಮೇಲೆ ದೇಶ ಬದಲಿಸಿತ್ತು.

ವಕೀಲೆಗೆ ಫೋನ್ ಮಾಡಿ ಹೇಳಿದೆ. ಕೋರ್ಟಿನ ಅನುಮತಿ ಎಲ್ ಸಾಲ್ವಡಾರಿನದು. ಗೆರೆಯಾಚೆ ಒಂದು ಗುದ್ದಲಿ ಮಣ್ಣನ್ನೂ ಆ ತಂಡ ಎತ್ತುವಂತಿಲ್ಲ. ಆ ಕಡೆಯ ದೇಶದಲ್ಲಿ ಅರ್ಜಿ ಮೊದಲಿನಿಂದ ಶುರುವಾಗಬೇಕು, ವರ್ಷಗಳೇ ಹಿಡಿಯಬಹುದು.

"ಆಂಟಿ, ನಿಮ್ಮ ಎರರ್ ಎಷ್ಟು?"

ಸರಿಯಾದ ಪ್ರಶ್ನೆ ಅದು. ನಾನು ಆಗ ಬಳಸಿದ್ದ ಗುರುತುಗಳು ಕಡಿಮೆ, ಇದ್ದವೂ ದೂರ ದೂರ. ತಪ್ಪು ಸುಮಾರು ನೂರೈವತ್ತು ಮೀಟರು ಯಾವ ಕಡೆಗಾದರೂ ಇರಬಹುದಿತ್ತು. ಗಡಿಗೆರೆ ಚರ್ಚಿನಿಂದ ಅದರ ಅರ್ಧದಷ್ಟು ದೂರದಲ್ಲಿತ್ತು.

"ಹಾಗಿದ್ರೆ ಸರ್ಕಲ್ ಕೊಡಿ, ಪಾಯಿಂಟ್ ಕೊಡ್ಬೇಡಿ. ಸರ್ಕಲ್ಲಿನ ಒಂದು ಭಾಗ ಈ ಕಡೆ ಬರುತ್ತಲ್ವಾ? ಟೀಮು ಹೋಗಿ ಅಲ್ಲಿ ನೋಡ್ಲಿ. ಐಯಾಮ್ ನಾಟ್ ಆಸ್ಕಿಂಗ್ ಯು ಟು ಲೈ, ಆಂಟಿ. ನಿಮ್ಮ ರಿಪೋರ್ಟಲ್ಲಿ ಇರೋದೇ ಅದು."

ಅವಳನ್ನು ಬೈಯಲು ನನಗೆ ಬಾಯಿಲ್ಲ. ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಸುಳ್ಳು ನಾನೂ ಹೇಳಬೇಕಿರಲಿಲ್ಲ, ಕೆಲಸವನ್ನು ಅಲ್ಲಿಗೆ ನಿಲ್ಲಿಸಿದರೆ ಸಾಕಿತ್ತು. ಇನ್ನಷ್ಟು ಗುರುತು ಹುಡುಕದಿದ್ದರೆ ತಪ್ಪಿನ ವೃತ್ತ ಅಷ್ಟೇ ದೊಡ್ಡದಾಗಿ ಉಳಿಯುತ್ತದೆ, ತಂಡ ವಿಮಾನ ಹತ್ತುತ್ತದೆ. ಮಾರನೆಯ ದಿನ ಆಫೀಸಿನಲ್ಲಿ ಯಾರದೋ ಮನೆಯ ಮಾಡಿನ ಮೇಲೆ ಮರದ ಕೊಂಬೆ ಅಳೆಯುತ್ತಾ ಇಡೀ ದಿನ ಇದನ್ನೇ ಯೋಚಿಸಿದೆ. ಗಂಡನಿಗೆ ಹೇಳಿದೆ. ಅವರು ಈ ಸಲ ನಗಲಿಲ್ಲ.

"ನಮ್ಮ ಕಡೆ ಬೋರ್ ಹಾಕ್ಸೋವಾಗ ಪಾಯಿಂಟ್ ತಪ್ಪುದ್ರೆ ಏನಾಯ್ತದೆ ಗೊತ್ತಾ? ಪಾಯಿಂಟ್ ತಪ್ತು ಅಂತ ಯಾರೂ ಅನ್ನಲ್ಲ. ಆ ಜಮೀನಲ್ಲಿ ನೀರೇ ಇಲ್ಲ ಅಂತ ಹೆಸ್ರು ಬಿದ್ಬುಡ್ತದೆ. ಆಮ್ಯಾಕೆ ಯಾವ ಲಾರೀನೂ ಆ ಕಡೆ ತಿರುಗಲ್ಲ."

ಅಷ್ಟೇ ಹೇಳಿ ಪಾತ್ರೆ ತೊಳೆಯಲು ಹೋದರು. ನನಗೆ ಭಯವಾದದ್ದು ಆಗ. ತಂಡ ಗೆರೆಯ ಈಚೆ ಅಗೆಯುತ್ತದೆ. ಏನೂ ಸಿಗುವುದಿಲ್ಲ. 'ಸ್ಥಳ ಪರಿಶೀಲಿಸಲಾಯಿತು, ಅವಶೇಷಗಳು ಕಂಡುಬರಲಿಲ್ಲ' ಎಂದು ಬರೆಯುತ್ತಾರೆ, ಬರೆಯಲೇಬೇಕು. ಇಲ್ಲಿ ಏನೂ ನಡೆಯಲೇ ಇಲ್ಲ ಎಂದು ನಲವತ್ತು ವರ್ಷ ಹೇಳಿಕೊಂಡು ಬಂದವರಿಗೆ ಅದಕ್ಕಿಂತ ದೊಡ್ಡ ಉಡುಗೊರೆ ಬೇಕೇ? ಆ ಖಾಲಿ ಗುಂಡಿಗೆ ದಾರಿ ತೋರಿಸಿದವಳು ನಾನಾಗುತ್ತಿದ್ದೆ. ಕೆಲಸ ಮುಂದುವರಿಸುವುದೆಂದು ತೀರ್ಮಾನಿಸಿದೆ. ವಕೀಲೆಗೆ ಹೇಳಿದೆ, ಅವಳು ಒಂದು ವಾರ ಮಾತು ಬಿಟ್ಟಳು.

ಹೊಸ ಗುರುತುಗಳನ್ನು ಹುಡುಕುವುದು ಬೇಸರದ ಕೆಲಸ. ಹೊಳೆಯ ನಡುವಿನ ಮನೆಯಷ್ಟು ದೊಡ್ಡ ಒಂದು ಬಂಡೆ, ಗುಡ್ಡದ ಮೇಲೆ ಕವಲೊಡೆಯುವ ಕಲ್ಲುದಾರಿ, ಹಳೆಯ ಕಲ್ಲಿನ ಬೇಲಿಯ ಮೂಲೆ. ಹಳೆಯ ಚಿತ್ರದಲ್ಲೂ ಈಗಿನ ಉಪಗ್ರಹ ಚಿತ್ರದಲ್ಲೂ ಅದೇ ಇದು ಎಂದು ಪ್ರತಿಯೊಂದಕ್ಕೂ ಎರಡೆರಡು ಸಲ ಖಾತ್ರಿ ಮಾಡಿಕೊಂಡೆ. ವೃತ್ತ ಕುಗ್ಗುತ್ತಾ ಬಂತು. ಈಗಿನ ಚಿತ್ರದಲ್ಲಿ ಆ ಜಾಗವೆಲ್ಲ ಜೋಳದ ಹೊಲ, ನಡುವೆ ಒಂದು ಕಪ್ಪು ಮಚ್ಚೆ. ಮರವೂ ಇಲ್ಲ, ಮಾಡೂ ಇಲ್ಲ. ಮಚ್ಚೆಗೆ 'ಬಂಡೆ' ಎಂದು ಗುರುತು ಹಾಕಿ ಮುಂದೆ ಹೋದೆ.

ಆದರೂ ನನ್ನ ಲೆಕ್ಕವನ್ನು ನನ್ನದೇ ಲೆಕ್ಕದಿಂದ ಪರೀಕ್ಷೆ ಮಾಡಿದರೆ ಏನು ಬಂತು? ಹೊರಗಿನದೊಂದು ಸಾಕ್ಷಿ ಬೇಕಿತ್ತು. ನಮ್ಮ ಕಡೆ ಕೆಲವು ಗುಡಿಗಳಲ್ಲಿ ವರ್ಷಕ್ಕೊಂದು ಸಲ ಬಿಸಿಲು ನೇರ ಗರ್ಭಗುಡಿಗೆ ಬೀಳುತ್ತದೆ, ಜನ ಆ ದಿನ ಕಾದು ನೋಡುತ್ತಾರೆ. ಅದು ನೆನಪಾಗಿ ಆ ತಾಯಿಯ ಮಗಳಿಗೆ ಫೋನ್ ಮಾಡಿದೆ: ಊರಿನ ಹಬ್ಬದ ದಿನ ಬೆಳಿಗ್ಗೆ ಚರ್ಚಿನ ಬಾಗಿಲಲ್ಲಿ ನಿಂತರೆ ಸೂರ್ಯ ಎಲ್ಲಿ ಹುಟ್ಟುತ್ತಿದ್ದ ಎಂದು ಅಮ್ಮನನ್ನು ಕೇಳು.

ಅವರು ಯೋಚನೆಯೇ ಮಾಡಲಿಲ್ಲವಂತೆ. "ಎರಡು ಕೊಂಬಿನ ನಡುವೆ. ಗುಡ್ಡ ತಲೆ ಮೇಲೆ ಬೆಂಕಿ ಹೊತ್ತ ಹಾಗೆ ಇರ್ತಿತ್ತು. ಅದು ಕಂಡ ಮೇಲೇ ನಾವು ಪಟಾಕಿ ಹಚ್ತಿದ್ದಿದ್ದು."

ಹಬ್ಬ ಮಾರ್ಚಿನಲ್ಲಿ, ನಮ್ಮ ಯುಗಾದಿಯ ಆಸುಪಾಸು. ಹಗಲು ರಾತ್ರಿ ಸಮವಾಗಿ ಸೂರ್ಯ ಹೆಚ್ಚು ಕಡಿಮೆ ನೇರ ಪೂರ್ವದಲ್ಲಿ ಹುಟ್ಟುವ ದಿನಗಳು. ಗುಡ್ಡದ ಎತ್ತರಕ್ಕೆ ತಕ್ಕಂತೆ ಸ್ವಲ್ಪ ತಿದ್ದಿ, ಕೊಂಬುಗಳ ನಡುವಿನಿಂದ ಪಶ್ಚಿಮಕ್ಕೆ ಒಂದು ಗೆರೆ ಎಳೆದೆ. ಅದು ಬಂದು ನನ್ನ ಚರ್ಚಿನ ಮಾಡಿನ ಮೇಲೇ ಹಾದುಹೋಯಿತು. ಗಡಿ ಅದರ ದಕ್ಷಿಣಕ್ಕಿತ್ತು. ಇನ್ನು ಅನುಮಾನಕ್ಕೆ ಜಾಗವಿರಲಿಲ್ಲ, ಸಂತೋಷಕ್ಕೂ ಇರಲಿಲ್ಲ.

ಜನವರಿಯ ಕೊನೆಯಲ್ಲಿ ನಾಲ್ವರೂ ಮತ್ತೆ ಅದೇ ಮೇಜಿನ ಸುತ್ತ ಕೂತೆವು. ವಕೀಲೆ ನನ್ನ ಮುಖ ನೋಡದೆ ಎಲ್ಲವನ್ನೂ ಸ್ಪ್ಯಾನಿಷಿನಲ್ಲಿ ವಿವರಿಸಿದಳು. ಈ ಸಲ ತಂಡ ಬರುವುದಿಲ್ಲ. ಆ ಕಡೆ ಅರ್ಜಿ ಹಾಕಬೇಕು. ಎಷ್ಟು ಕಾಲ ಹಿಡಿಯುತ್ತದೋ ಹೇಳಲಾಗದು. ತಾಯಿ ಕೇಳಿಸಿಕೊಂಡು ನನ್ನ ಕಡೆ ತಿರುಗಿದರು.

"ನೀವು ಹೇಳಿ. ಅವರು ಅಲ್ಲೇ ಇದ್ದಾರಾ?"

"ಜಾಗ ಅದೇ" ಎಂದೆ. "ಅದಕ್ಕಿಂತ ಹೆಚ್ಚು ನನಗೆ ಮೇಲಿನಿಂದ ಕಾಣೋದಿಲ್ಲ."

"ನಮ್ಮಮ್ಮನ್ನ ಒಂದು ಸಲ ಹೊಂಡುರಾಸಿನವರು ಅಟ್ಟಿದ್ರು, ನಿಮ್ಮೂರಿಗೆ ಹೋಗಿ ಅಂತ. ನಮ್ಮೂರಲ್ಲಿ ನಮ್ಮೋರೇ ಕೊಂದ್ರು. ಈಗ ಮಲಗಿದ್ದ ಹಾಗೇ ಹೊಂಡುರಾಸಿಗೆ ವಾಪಸು ಹೋಗಿದ್ದಾಳೆ." ಅವರು ಸ್ವಲ್ಪ ನಕ್ಕರು. "ನನ್ನ ಹತ್ರ ಈಗ ಅಮೆರಿಕದ ಪಾಸ್‌ಪೋರ್ಟ್ ಇದೆ. ನೋಡೋಕೆ ಹೋಗಬಹುದಲ್ಲ? ಅಗೆಯೋಕೆ ತಾನೇ ಅನುಮತಿ ಬೇಕಾಗಿರೋದು?"

ಮಗಳು ತಡೆಯಲು ನೋಡಿದಳು. ಕಣ್ಣು, ಮಂಡಿ, ಗುಡ್ಡದ ದಾರಿ. ತಾಯಿ ಕಿವಿಗೆ ಹಾಕಿಕೊಳ್ಳಲಿಲ್ಲ. ಇನ್ನೆರಡು ವರ್ಷ ಕಾದರೆ ಯಾರು ನೋಡುತ್ತಾರೆ ಎಂದು ಕೇಳಿದರು. ಹೊರಡುವಾಗ ಮಗಳು, ತಾನು ಹುಟ್ಟಿದ್ದು ಆ ದೇಶದ ಶಿಬಿರದಲ್ಲೇ ಅಲ್ಲವೇ, ಅರ್ಜಿಗೆ ಅದೇನಾದರೂ ಉಪಯೋಗವೇ ಎಂದಳು. ವಕೀಲೆ ತಟ್ಟನೆ ಪೆನ್ನು ತೆಗೆದಳು. ಅದರಿಂದ ಎಷ್ಟು ಪ್ರಯೋಜನವಾಯಿತೋ ನನಗೆ ಗೊತ್ತಿಲ್ಲ. ಆದರೆ ಕಾರಿನಲ್ಲಿ ಅವಳು ನನ್ನ ಜೊತೆ ಮತ್ತೆ ಕನ್ನಡದಲ್ಲಿ ಮಾತು ಶುರು ಮಾಡಿದಳು.

"ಸಾರಿ ಆಂಟಿ. ಐ ವಾಂಟೆಡ್ ಇಟ್ ಟೂ ಮಚ್."

"ನಂಗೂ ಬೇಕಾಗಿತ್ತಮ್ಮ" ಎಂದೆ.

ಮಾರ್ಚಿನಲ್ಲಿ, ಊರಿನ ಹಬ್ಬಕ್ಕೆ ಸರಿಯಾಗಿ ತಾಯಿ ಮಗಳು ಹೋದರು. ಮಗಳ ಫೋನಿಗೆ ಆ ಬಿಂದುವನ್ನು ನಾನೇ ಹಾಕಿಕೊಟ್ಟಿದ್ದೆ. ಹಬ್ಬದ ದಿನ ಆಫೀಸಿನ ಮೀಟಿಂಗಿನಲ್ಲಿ ಕೂತಿದ್ದಾಗ ಫೋನು ನಡುಗಿತು, ಮಗಳದು. ಎದ್ದು ಹೊರಗೆ ಬಂದೆ.

ಹೊಲದ ತುಂಬ ಕೊಯ್ದ ಜೋಳದ ಕೂಳೆ. ಅವರು ಮಬ್ಬು ಬೆಳಕಿನಲ್ಲೇ ಅಲ್ಲಿಗೆ ಮುಟ್ಟಿದ್ದರಂತೆ. ಸೂರ್ಯ ಎರಡು ಕೊಂಬಿನ ನಡುವೆಯೇ ಎದ್ದನಂತೆ. ಆಮೇಲೆ ಹೊಲದವನು ಬಂದ. ಹೊಂಡುರಾಸಿನವನು, ತೀರ್ಪಿನ ನಂತರ ಅವನ ಅಪ್ಪನ ಕೈಗೆ ಬಂದ ನೆಲ. ಮಗಳು ಹೆದರಿಕೊಂಡೇ, ಇಲ್ಲಿ ಒಂದು ಚರ್ಚಿತ್ತೇ ಎಂದು ಕೇಳಿದಳು. ಅವನು ಇವರು ಯಾರು ಎಂದು ಕೇಳಲಿಲ್ಲ. ಟೋಪಿ ತೆಗೆದು, ಹೊಲದ ನಡುವೆ ಕರೆದುಕೊಂಡು ಹೋದ. ಅಲ್ಲಿ ಒಂದು ಕೋಣೆಯಷ್ಟು ಅಗಲದ ಜಾಗದಲ್ಲಿ ಹುಲ್ಲು, ಪೊದೆ ಬೆಳೆದು ನಿಂತಿತ್ತು. ಅವನ ಅಪ್ಪ ಮೊದಲ ವರ್ಷ ಉಳುವಾಗ ನೇಗಿಲಿಗೆ ಮೂಳೆ ಸಿಕ್ಕಿತ್ತು. ಮುಚ್ಚಿ, ಶಿಲುಬೆ ಗುರುತು ಹಾಕಿಕೊಂಡು, ನೇಗಿಲನ್ನು ಸುತ್ತಿಸಿಕೊಂಡು ಹೋದ. ಅಂದಿನಿಂದ ಆ ತುಂಡನ್ನು ಅವರ ಮನೆಯವರು ಉಳುವುದಿಲ್ಲ.

"ನೀವು ಬರೋದು ತಡವಾಯ್ತು" ಎಂದನಂತೆ ಅವನು, "ಅಪ್ಪ ಕಾಯ್ತಿದ್ದ."

ಮಗಳು ಕಳಿಸಿದ ಫೋಟೋದಲ್ಲಿ ಸುತ್ತ ಬೋಳು ಕೂಳೆ, ನಡುವೆ ಆ ಹಸಿರು, ಅದರ ಅಂಚಿನಲ್ಲಿ ಅವರಮ್ಮ ನೆಲಕ್ಕೆ ಅಂಗೈ ಊರಿ ಕೂತಿದ್ದಾರೆ. ಮುಖ ಕಾಣುವುದಿಲ್ಲ. ಫೋನು ಹಿಡಿದುಕೊಂಡು ಪಾರ್ಕಿಂಗ್ ಲಾಟಿನಲ್ಲಿ ನಿಂತು ನಾನು ಅತ್ತೆ, ಹೋಗಿ ಬರುವವರು ನೋಡಿದರೆ ನೋಡಲಿ ಎಂದು.

ಅರ್ಜಿ ಇನ್ನೂ ಆ ದೇಶದ ಕಚೇರಿಯಲ್ಲಿದೆ. ವಕೀಲೆ ತಿಂಗಳಿಗೊಮ್ಮೆ ವಿಚಾರಿಸುತ್ತಾಳೆ.

ಆ ದಿನ ಸಂಜೆ ಮನೆಗೆ ಬಂದು ನನ್ನ ನಕ್ಷೆ ತೆರೆದೆ. ಜೋಳದ ನಡುವಿನ ಕಪ್ಪು ಮಚ್ಚೆ ಅಲ್ಲೇ ಇತ್ತು, ಪಕ್ಕದಲ್ಲಿ ನಾನು ಹಾಕಿದ 'ಬಂಡೆ' ಎಂಬ ಗುರುತು. ಅಳಿಸಿದೆ. ಬೇರೇನು ಬರೆಯುವುದು? ಬೆಳೆ, ಕಾಡು, ನೀರು, ಕಟ್ಟಡ, ಬಂಡೆ. ನಮ್ಮ ವೃತ್ತಿಯಲ್ಲಿ ನೆಲಕ್ಕೆ ಇರುವ ಹೆಸರುಗಳು ಇಷ್ಟೇ, ಅದು ಯಾವುದರಲ್ಲೂ ಸೇರುವುದಿಲ್ಲ. ಒಂದು ಹೊಸ ಹೆಸರು ಸೇರಿಸಿದೆ, 'ಉಳದೆ ಬಿಟ್ಟದ್ದು' ಎಂದು.